ಕೇಳಿ, ಹೇಳ್ತೇವೆ: ಕೌದಿ ನೋಡಲು ಬಂದವರಿಗೆ ಬೆಲ್ಲ-ನೀರು ಎಲ್ಲಿ ಕೊಡಬೇಕು?

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ಮಹಿಳಾ ಮಂಡಲದವರು ಪ್ರತಿವರ್ಷ ಡಿಸೆಂಬರ್‌ನಲ್ಲಿ ದೊಡ್ಡದಾಗಿ ಕೌದಿ, ಕ್ವಿಲ್ಟ್ ಪ್ರದರ್ಶನ ಮಾಡುತ್ತೇವೆ. ಮೊದಲೆಲ್ಲ ನಮ್ಮ ನೆಂಟರಿಷ್ಟರೇ ಬರುತ್ತಿದ್ದರು. ಈಗ ಹುಬ್ಬಳ್ಳಿ, ಯಲ್ಲಾಪುರ, ಮುಂಬೈಯಿಂದಲೂ ಜನ ಬರುತ್ತಾರೆ. ಈ ಸಲ ಬಾಗಿಲಲ್ಲೇ ಕುಂಕುಮ, ಮಲ್ಲಿಗೆ, ಬೆಲ್ಲ-ನೀರು ಕೊಟ್ಟು ಸ್ವಾಗತ ಮಾಡಬೇಕು ಅಂತ ಎಲ್ಲರಿಗೂ ಆಸೆ. ಚೆಂಡೆಯವರಿಗೂ ಹೇಳಿ ಆಗಿದೆ. ಬೇರೆ ಎಂತ ಮಾಡಬಹುದು?
– ಒಬ್ಬ ಓದುಗರು, ಕದ್ರಿ

ಉತ್ತರ: ಚೆಂಡೆ ಇರಲಿ. ಉಳಿದ ಮೂರನ್ನೂ ಒಳಬರುವ ಬಾಗಿಲಿಂದ ಎತ್ತಿ ಹೊರಹೋಗುವ ಬಾಗಿಲಿಗೆ ಹಾಕಿ.

ಬೇಸರ ಮಾಡಿಕೊಳ್ಳಬೇಡಿ ಅಕ್ಕ. ಕುಂಕುಮ ಮುಟ್ಟಿದ ಬೆರಳು ಸೀದಾ ಬಟ್ಟೆಗೇ ಹೋಗುತ್ತದೆ. ಬೆಲ್ಲ ತಿಂದ ಕೈ ಅಂಟಂಟು. ಇನ್ನು ನಮ್ಮ ಶಂಕರಪುರ ಮಲ್ಲಿಗೆ, ಅದನ್ನು ಕಟ್ಟುವುದು ಬಾಳೆನಾರಿನಲ್ಲಿ, ಬಾಡದಿರಲಿ ಅಂತ ನೀರು ಬೇರೆ ಚಿಮುಕಿಸಿರುತ್ತಾರೆ. ಬಟ್ಟೆಗೆ ಬಾಳೆಯ ಕಲೆ ಹತ್ತಿದರೆ ಏನಾಗುತ್ತದೆ ಅಂತ ಕರಾವಳಿಯವರಿಗೆ ನಾವು ಹೇಳಿಕೊಡಬೇಕಾ? ನೋಡಿ ಮುಗಿಸಿ ಹೊರಡುವಾಗ ಕೊಡಿ. ಆಗ ಜನ ನಿಧಾನ ಕೂತು ಬೆಲ್ಲ ಕಡಿದು ನೀರು ಕುಡಿಯುತ್ತಾರೆ, ನಾಲ್ಕು ಮಾತೂ ಆಡುತ್ತಾರೆ. ಒಳಬರುವ ಬಾಗಿಲಲ್ಲಿ ಕೈ ತೊಳೆಯಲು ನೀರು, ಒರೆಸಲು ಒಣ ಬಟ್ಟೆ ಇದ್ದರೆ ಸಾಕು.

ನಿಜವಾದ ಸ್ವಾಗತ ಅದಕ್ಕೂ ಮೊದಲೇ ಶುರುವಾಗಬೇಕು. ಹುಬ್ಬಳ್ಳಿ ಕಡೆಯವರು ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಇಲ್ಲಿ ಇಳಿದಿರುತ್ತಾರೆ, ನಿಮ್ಮ ಬಾಗಿಲು ತೆರೆಯುವುದು ಹತ್ತಕ್ಕೆ, ಅಷ್ಟು ಹೊತ್ತು ಅವರು ಚೀಲ ಹಿಡಿದುಕೊಂಡು ಎಲ್ಲಿ ನಿಲ್ಲಬೇಕು? ಒಂದು ಕೋಣೆ, ಶುಚಿಯಾದ ಶೌಚಾಲಯ, ಚೀಲ ಇಡಲು ಜಾಗ, ಹತ್ತಿರ ಬನ್ಸ್ ಚೆನ್ನಾಗಿ ಸಿಗುವ ಹೋಟೆಲಿನ ದಾರಿ, ಇಷ್ಟು ಮಾಡಿಕೊಡಿ. ರೈಲಿನವರದ್ದು ಇನ್ನೊಂದು ಕಥೆ. ಮುಂಬೈಯಿಂದ ಕೊಂಕಣ ರೈಲಿನಲ್ಲಿ ಬರುವವರು ಕೆಲವರು ಸೆಂಟ್ರಲ್‌ನಲ್ಲಿ ಇಳಿಯುತ್ತಾರೆ, ಕೆಲವರು ಜಂಕ್ಷನ್‌ನಲ್ಲಿ. ಎರಡೂ ಕಡೆಯಿಂದ ಸಭಾಂಗಣಕ್ಕೆ ಹೇಗೆ ಬರಬೇಕು ಅಂತ ಆಮಂತ್ರಣದಲ್ಲೇ ಬರೆಯಿರಿ. ಉಡುಪಿಯಿಂದ ಬರುವವರಿಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್‌ವರೆಗೆ ಹೋಗದೆ ಯಾವ ಸ್ಟಾಪಿನಲ್ಲಿ ಇಳಿದರೆ ಹತ್ತಿರ ಅಂತ ಹೇಳಿದರೆ ಆಯಿತು.

ಒಳಗೆ ಬಂದ ಮೇಲೆ ದೊಡ್ಡ ಸಮಸ್ಯೆ ಒಂದೇ: ಕೈ. ಕೌದಿ ಕಂಡರೆ ಮುಟ್ಟಬೇಕು ಅನಿಸುತ್ತದೆ, ಅಲ್ವಾ? ‘ಮುಟ್ಟಬೇಡಿ’ ಅಂತ ಎಷ್ಟು ಬೋರ್ಡು ಹಾಕಿದರೂ ಮುಟ್ಟುತ್ತಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪ್ರತಿವರ್ಷ ನಡೆಯುವ ಕ್ವಿಲ್ಟ್ ಹಬ್ಬದಂಥ ಕಡೆ ಇದಕ್ಕೊಂದು ಉಪಾಯವಿದೆ. ಬಿಳಿ ಕೈಗವಸು ಹಾಕಿಕೊಂಡ ಸ್ವಯಂಸೇವಕರು ನಿಂತಿರುತ್ತಾರೆ, ಕೇಳಿದರೆ ಕ್ವಿಲ್ಟಿನ ಅಂಚು ಎತ್ತಿ ಹಿಂಬದಿ ತೋರಿಸುತ್ತಾರೆ. ಹೊಲಿಗೆ ಬಲ್ಲವರಿಗೆ ಹಿಂಬದಿಯೇ ಬೇಕು. ಹೊಲಿಗೆ ಸಮನಾಗಿ ಬಿದ್ದಿದೆಯಾ, ಗಂಟು ಎಲ್ಲಿ ಅಡಗಿಸಿದ್ದಾರೆ, ಅಸ್ತರಿಗೆ ಯಾವ ಹಳೆ ಸೀರೆ ಹಾಕಿದ್ದಾರೆ, ಎಲ್ಲ ಅಲ್ಲೇ ಕಾಣುವುದು. ನಿಮ್ಮ ಮಂಡಲದ ಕಾಲೇಜು ಹುಡುಗಿಯರಿಗೆ ಈ ಕೆಲಸ ಕೊಡಿ. ಜೊತೆಗೆ ಬಾಗಿಲ ಹತ್ತಿರ ಒಂದು ಸಾದಾ ಕೌದಿ ಮೇಜಿನ ಮೇಲೆ ಹರಡಿ, ‘ಇದನ್ನು ಮುಟ್ಟಿ’ ಅಂತ ಬರೆದಿಡಿ. ಮಕ್ಕಳು ಉರುಳಾಡಿದರೂ ಉರುಳಾಡಲಿ.

ಊರಿನವರು ಕೇಳುವ ಪ್ರಶ್ನೆಗೂ ತಯಾರಾಗಿರಿ: "ಈ ಸೆಕೆಯಲ್ಲಿ ಇದು ಎಂತಕ್ಕೆ ಮಾರಾಯ್ರೆ?" ನಗಬೇಡಿ, ಪ್ರಶ್ನೆ ಸರಿಯಾಗಿಯೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ ಇದ್ದರೆ ಪ್ರಶ್ನೆ ಕೇಳಿದವರನ್ನು ಅದರ ಮುಂದೆ ನಿಲ್ಲಿಸಿ. ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ, ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ್’ ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುವುದೂ ಉಂಟು. ಇಷ್ಟು ಹೇಳಿದರೆ ಸೆಕೆ ಮರೆತುಹೋಗುತ್ತದೆ. ಹೊಲಿದವರೇ ಬಂದಿದ್ದರೆ ಅವರೇ ಹೇಳಲಿ, ಅವರಿಗೂ ಒಂದು ಕುರ್ಚಿ ಹಾಕಿ.

ಕುರ್ಚಿ ಅಂದಾಗ ನೆನಪಾಯಿತು. ಉದ್ಘಾಟನೆ ಚಿಕ್ಕದಾಗಿ ಮುಗಿಸಿ. ಗಣ್ಯರ ಭಾಷಣ ಮುಗಿಯುವವರೆಗೆ ದೂರದಿಂದ ಬಂದವರನ್ನು ಸುಮ್ನೆ ಹೊರಗೆ ನಿಲ್ಲಿಸುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ.

ಪ್ರಶ್ನೆ: ಇಂಥ ಪ್ರದರ್ಶನಕ್ಕೆ ಮೊದಲ ಸಲ ಹೋಗುತ್ತಿದ್ದೇನೆ. ಚೌಕಾಶಿ ಮಾಡಬಹುದೇ? ಫೋಟೋ?
– ಮಣಿಪಾಲದ ಓದುಗರು

ಉತ್ತರ: ಮೊದಲು ಮಾರಾಟಕ್ಕೆ ಇದೆಯಾ ಅಂತ ಕೇಳಿ, ಎಲ್ಲವೂ ಇರುವುದಿಲ್ಲ. ಕೈಹೊಲಿಗೆಯ ದೊಡ್ಡ ಕೌದಿಗೆ ವಾರಗಟ್ಟಲೆ ಹಿಡಿಯುತ್ತದೆ, ಅದಕ್ಕೆ ಮೀನು ಮಾರ್ಕೆಟ್ಟಿನ ಚೌಕಾಶಿ ಬೇಡ. ಬೆಲೆ ಜಾಸ್ತಿ ಅನಿಸಿದರೆ ಚಿಕ್ಕದು ಇದೆಯಾ ಅಂತ ಕೇಳಿ, ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಫೋಟೋ ತೆಗೆಯುವ ಮುಂಚೆ ಹೊಲಿದವರ ಒಪ್ಪಿಗೆ ಬೇಕು, ಫ್ಲ್ಯಾಶ್ ಹಾಕಬೇಡಿ.

ಪ್ರಶ್ನೆ: ನಮ್ಮ ಅಜ್ಜಿಯ ಕೌದಿಯನ್ನು ಪ್ರದರ್ಶನಕ್ಕೆ ಕೇಳಿದ್ದಾರೆ. ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ಹಾಗೇ ಕೊಡಲೇ?
– ಒಬ್ಬರು, ಕಾರ್ಕಳ

ಉತ್ತರ: ಖಂಡಿತ ಬೇಡ. ನಿಮ್ಮದರ ಬೂಷ್ಟು ಪಕ್ಕದವರದ್ದಕ್ಕೂ ಹತ್ತುತ್ತದೆ. ಒಳ್ಳೆ ಬಿಸಿಲಿರುವ ದಿನ ಹೊರಗೆ, ಗಾಳಿಯಾಡುವ ಕಡೆ ಹರಡಿ ಪೂರ್ತಿ ಒಣಗಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಶ್ಶಿನಲ್ಲಿ ಮೆಲ್ಲ ಒರೆಸಿ, ಬಡಿಯಬೇಡಿ. ಹಳೆ ನೂಲು ವಾಷಿಂಗ್ ಮೆಷಿನ್ ತಡೆಯುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದರೆ ಇವತ್ತೇ ಬಿಚ್ಚಿ, ಒಣ ಹತ್ತಿ ಪಂಚೆಯಲ್ಲಿ ಸುತ್ತಿ. ತೂಗುಹಾಕುವಾಗ ಮೇಲಂಚಿಗೆ ಕ್ಲಿಪ್ ಹಾಕಲು ಬಿಡಬೇಡಿ. ಹಿಂದುಗಡೆ ಬಟ್ಟೆಯ ಉದ್ದ ಕೊಳವೆ ಹೊಲಿದು ಅದರೊಳಗೆ ಕೋಲು ತೂರಿಸಿದರೆ ಭಾರ ಎಲ್ಲ ಕಡೆ ಸಮ ಬೀಳುತ್ತದೆ. ಬಟ್ಟೆ ತೀರಾ ಸವೆದಿದ್ದರೆ ತೂಗುಹಾಕುವುದೇ ಬೇಡ, ಮೇಜಿನ ಮೇಲೆ ಹರಡಿಡಲು ಹೇಳಿ.