ಎಷ್ಟು ಕಿಲೋವ್ಯಾಟ್ ಸೋಲಾರ್ ಎನ್ನುವ ಮೊದಲು ತಾರಸಿಯ ಲೆಕ್ಕ

ಮಂಡ್ಯದ 30×40 ನಿವೇಶನದಲ್ಲಿ ಪಶ್ಚಿಮಕ್ಕೆ ಮುಖವಾದ ಒಂದಂತಸ್ತಿನ ಮನೆ ಕಟ್ಟಿಸಲು ಹೊರಟಿರುವ ತಾವು, ಎರಡು ಎ.ಸಿ.ಗೆ ಸಾಲುವಂತೆ 5 ಕಿಲೋವ್ಯಾಟ್ ಸೋಲಾರ್ ಬೇಕೇ, ನಮ್ಮಂಥವರ ಮನೆಗೂ ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ (ಮನೆ ಎಷ್ಟು ಬಿಸಿಯಾದೀತೆಂದು ಕಟ್ಟುವ ಮೊದಲೇ ಲೆಕ್ಕ ಹಾಕಿ ನೋಡುವುದು) ಮಾಡಿಸಿದರೆ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ, ಆದರೆ ಪಾಯ ತೋಡುವ ಮೊದಲೇ, ನಕ್ಷೆಯನ್ನು ತಿದ್ದಲು ಅವಕಾಶವಿರುವಾಗಲೇ ಮಾಡಿಸಬೇಕು.

ಎನರ್ಜಿಪ್ಲಸ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಗೋಡೆ, ತಾರಸಿ, ಕಿಟಕಿಗಳ ವಿವರದ ಜೊತೆಗೆ ಊರಿನ ಹವಾಮಾನದ ಕಡತವನ್ನೂ ಕೊಟ್ಟರೆ, ಪ್ರತಿ ಕೋಣೆಯ ಉಷ್ಣಾಂಶವನ್ನು ವರ್ಷದ 8,760 ಗಂಟೆಗಳಿಗೂ ಅದು ಲೆಕ್ಕ ಹಾಕುತ್ತದೆ. ಎಂಜಿನಿಯರು ಬೆಂಗಳೂರಿನ ಕಡತವನ್ನೇ ಹಾಕಿ ಮುಗಿಸದಂತೆ ನೋಡಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಮಂಡ್ಯ 700 ಮೀಟರಿಗೂ ಕೆಳಗಿದೆ. ಆ ಲೆಕ್ಕದಲ್ಲಿ ನಿಮ್ಮ ಮನೆ ಇರುವುದಕ್ಕಿಂತ ತಂಪಾಗಿ ಕಾಣುತ್ತದೆ.

ಮೊದಲ ಸುತ್ತಿನಲ್ಲಿ ಎ.ಸಿ. ಇಲ್ಲವೆಂದೇ ಇಟ್ಟುಕೊಂಡು, ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆಗೆ ಮಲಗುವ ಕೋಣೆ ಹೇಗಿರುತ್ತದೆ ಎಂಬುದನ್ನು ನೋಡಿಸಿ. ಮಧ್ಯಾಹ್ನವೆಲ್ಲ ಕಾದ ಆರ್‌ಸಿಸಿ ತಾರಸಿ ಶಾಖವನ್ನು ಒಳಕ್ಕೆ ಬಿಡುವುದು ಆ ಹೊತ್ತಿನಲ್ಲಿಯೇ. ಹೊರಗೆ ಗಾಳಿ ತಣ್ಣಗಾಗಿದ್ದರೂ ಫ್ಯಾನಿನಡಿ ಮಲಗಿದವರಿಗೆ ಬಿಸಿಗಾಳಿಯೇ ಬೀಸುತ್ತದೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆಯು ತಾರಸಿಯ ಯು-ಮೌಲ್ಯ, ಅಂದರೆ ಅದರ ಮೂಲಕ ಶಾಖ ಎಷ್ಟು ಸುಲಭವಾಗಿ ಹಾಯುತ್ತದೆ ಎಂಬ ಅಳತೆ, 1.2ನ್ನು ಮೀರಬಾರದು ಎನ್ನುತ್ತದೆ. ಬರಿಯ ಕಾಂಕ್ರೀಟ್ ತಾರಸಿಯದು ಅದರ ಎರಡು ಪಟ್ಟನ್ನೂ ದಾಟುತ್ತದೆ. ಮೇಲೆ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್) ಹಾಸಿ, ಗಾರೆ ಹಾಕಿ, ಬಿಳಿ ಟೈಲ್ಸ್ ಕೂರಿಸಿದರೆ ಮಿತಿಯೊಳಗೆ ಆರಾಮವಾಗಿ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಎ.ಸಿ.ಯ ಹಣ ಇಲ್ಲಿಗೆ ಸಲ್ಲಬೇಕು. ಬದಲಾವಣೆಗಳನ್ನು ಒಂದೊಂದಾಗಿ ಮಾಡಿಸಿ ನೋಡಿ, ಇಲ್ಲದಿದ್ದರೆ ಯಾವುದರಿಂದ ಎಷ್ಟು ಲಾಭವಾಯಿತೆಂದು ತಿಳಿಯುವುದಿಲ್ಲ.

ಪಶ್ಚಿಮದ ಇಳಿಬಿಸಿಲನ್ನು ಸಜ್ಜಾ ತಡೆಯದು. ಆ ಕಡೆಗೆ ಮೆಟ್ಟಿಲು, ಸ್ನಾನದ ಮನೆ ಅಥವಾ ಆಳವಾದ ಜಗಲಿ ಬರಲಿ. ಉತ್ತರದ ಕಿಟಕಿಗಳಿಗೂ ಸಜ್ಜಾ ಬೇಕು, ಏಕೆಂದರೆ ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ.

ಇಷ್ಟಾದ ಮೇಲೆ ಸೋಲಾರ್. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂದುಕೊಂಡರೆ, 3 ಕಿಲೋವ್ಯಾಟಿನಿಂದ ತಿಂಗಳಿಗೆ ಸುಮಾರು 360 ಯೂನಿಟ್ ಸಿಗುತ್ತದೆ; ಒಂದೇ ಎ.ಸಿ. ಇರುವ ಸಾಮಾನ್ಯ ಸಂಸಾರಕ್ಕೆ ಅದು ಸಾಕು. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿಯೂ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದ್ದು, ಅದಕ್ಕಿಂತ ದೊಡ್ಡದಕ್ಕೂ ಅಷ್ಟೇ. ವಾಸ್ತುವಿನಂತೆ ನೀರಿನ ಟ್ಯಾಂಕನ್ನು ನೈಋತ್ಯದಲ್ಲಿ ಎತ್ತರಿಸುವುದಾದರೆ, ಚಳಿಗಾಲದ ಮಧ್ಯಾಹ್ನದಲ್ಲಿ ಅದರ ನೆರಳು ಈಶಾನ್ಯದ ಕಡೆಗೆ ಬೀಳುತ್ತದೆ. ಫಲಕಗಳ ಜಾಗವನ್ನು ಆ ನೆರಳು ತಪ್ಪಿಸಿಯೇ ನಕ್ಷೆಯಲ್ಲಿ ಗುರುತು ಮಾಡಿಸಿ.