ಕಡಲ ಹುಳು, ಚಿಪ್ಪುಜೀವಿಗಳ ಸಂಶೋಧನೆಗೆ ದಾರಿ

ಮಂಜೇಶ್ವರದ ಪ್ಲಸ್ ಟು ವಿದ್ಯಾರ್ಥಿನಿಯೊಬ್ಬರ ಪತ್ರ: “ಏಡಿ, ಮರುವಾಯಿ (ಮರಳಲ್ಲಿ ಹುದುಗಿರುವ ಚಿಪ್ಪುಜೀವಿ), ಕಡಲ ಹುಳುಗಳಂಥ ಬೆನ್ನೆಲುಬಿಲ್ಲದ ಜೀವಿಗಳ ಸಂಶೋಧಕಿಯಾಗುವ ಆಸೆ. ಸ್ಕೂಬಾ ಡೈವಿಂಗ್ ಬಾರದೆ ಆಗದು ಎನ್ನುತ್ತಾರೆ, ನಿಜವೇ? ನಾನು ಕನ್ನಡ ಮಾಧ್ಯಮದವಳು. ಮುಂದೇನು ಓದಲಿ?”

ನಿಜವಲ್ಲ. ಹವಳದ ದಿಬ್ಬಗಳಲ್ಲಿ ಕೆಲಸ ಮಾಡುವವರಿಗೆ ಡೈವಿಂಗ್ ಬೇಕು. ಮರಳು, ಕೆಸರು, ಬಂಡೆಗಳ ಜೀವಿಗಳನ್ನು ನೀರು ಇಳಿದ ಹೊತ್ತಿಗೆ ನಡೆದೇ ನೋಡಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಬಂಡೆಗಳತ್ತ ಹೋಗಲೇಬೇಡಿ.

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ. ಎಂ.ಎಸ್ಸಿ. ಕಡಲ ಜೀವಶಾಸ್ತ್ರಕ್ಕೆ ಕೊಚ್ಚಿಯ ಕುಸಾಟ್ (ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ), ಕಾರವಾರ, ತಮಿಳುನಾಡಿನ ಪರಂಗಿಪೇಟೆ ಇವೆ. ಹತ್ತಿರದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವಿದೆ. ನೆಟ್ (ರಾಷ್ಟ್ರೀಯ ಅರ್ಹತಾ) ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕಿದರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಭಾಷೆಯ ಭಯ ಬೇಡ. ಜೀವಿಯನ್ನು ಎದುರಿಗಿಟ್ಟುಕೊಂಡು ಒಂದೊಂದು ಅಂಗದ ಇಂಗ್ಲಿಷ್ ಹೆಸರು ಕಲಿಯಿರಿ. ಸಂಖ್ಯಾಶಾಸ್ತ್ರವನ್ನು ಮಾತ್ರ ಮುಂದೂಡಬೇಡಿ.

ನಿಮ್ಮನ್ನು ಮುಂದಕ್ಕೆ ಒಯ್ಯುವುದು ಪ್ರಭೇದ ಗುರುತಿಸುವ ಕೌಶಲ. ಮಾದರಿ ಕೆಟ್ಟರೆ ಗುರುತಿಸುವ ಮಾತೇ ಇಲ್ಲ, ಹೊಸಬರು ಎಡವುವುದೂ ಇಲ್ಲೇ. ಕೆಸರನ್ನು 0.5 ಮಿ.ಮೀ. ಜರಡಿಯಲ್ಲಿಟ್ಟು ಕಡಲ ನೀರನ್ನು ಮೆಲ್ಲಗೆ ಸುರಿಯಿರಿ. ರಭಸಕ್ಕೆ ಹುಳು ತುಂಡಾಗುತ್ತದೆ. ಜೀವಂತ ಹುಳುವನ್ನು ನೇರವಾಗಿ, ಮಾದರಿ ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಹಾಕಿದರೆ ಮುದುಡಿ ಮುರಿಯುತ್ತದೆ, ಗುರುತಿಗೆ ಬೇಕಾದ ಭಾಗಗಳೇ ಉದುರುತ್ತವೆ. ಮೊದಲು ಅರಿವಳಿಕೆ ಕೊಡಿ: ಒಂದು ಲೀಟರ್ ಸಿಹಿನೀರಿಗೆ 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹರಳು, ಅದಕ್ಕೆ ಅಷ್ಟೇ ಕಡಲ ನೀರು. ಮುಟ್ಟಿದರೂ ಅಲುಗದಿದ್ದಾಗ ತೆಗೆಯಿರಿ.

ದೇಹರಚನೆ ನೋಡಲು ಶೇ. 10ರ ಫಾರ್ಮಲಿನ್ ಸರಿ. ಅದು ಬರಬರುತ್ತಾ ಆಮ್ಲೀಯವಾಗಿ ಚಿಪ್ಪನ್ನು ತಿನ್ನುವುದರಿಂದ ಬೋರಾಕ್ಸ್ ಸೇರಿಸಬೇಕು. ಫಾರ್ಮಲಿನ್ ವಿಷ, ಕಾಲೇಜಿನ ಪ್ರಯೋಗಾಲಯದಲ್ಲಿ ಅಧ್ಯಾಪಕರ ಎದುರಿನಲ್ಲೇ ಬಳಸಿ. ಡಿಎನ್‌ಎ ಬೇಕಿದ್ದರೆ ಶೇ. 95ರ ಎಥನಾಲ್. ಜೀವಿಯ ಮೈನೀರು ಸೇರಿ ಅದು ತೆಳುವಾಗುತ್ತದೆ, ಮರುದಿನ ಹೊಸತು ಹಾಕಿ. ದಿನಾಂಕ, ಸ್ಥಳ, ಸಂಗ್ರಹಿಸಿದವರ ಹೆಸರಿರುವ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಇಡಿ. ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ. ಚೀಟಿಯಿಲ್ಲದ ಮಾದರಿ ಎಷ್ಟೇ ಚಂದವಿದ್ದರೂ ಸಂಶೋಧನೆಗೆ ಒದಗದು.

ಕಡಲ ಸೌತೆ, ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಅವನ್ನು ಸಂಗ್ರಹಿಸಬೇಡಿ, ಫೋಟೊ ತೆಗೆಯಿರಿ.

ಈಗಲೇ ಶುರುಮಾಡಲು ಮೀನು ಮಾರ್ಕೆಟಿನ ಪಚ್ಚಿಲೆ (ಹಸಿರು ಚಿಪ್ಪಿನ ಜೀವಿ) ಸಾಕು. ಚಿಪ್ಪು ಬಿಡಿಸಿ ಕಿವಿರು, ಪಾದ, ಚಿಪ್ಪು ಮುಚ್ಚುವ ಸ್ನಾಯು, ಬಂಡೆಗೆ ಅಂಟಿಕೊಳ್ಳುವ ನಾರು ಹುಡುಕಿ, ಚಿತ್ರ ಬರೆಯಿರಿ. ಮರುವಾಯಿಯನ್ನೂ ಹಾಗೆಯೇ ಬಿಡಿಸಿ ನೋಡಿ, ಎರಡಕ್ಕೂ ಇರುವ ವ್ಯತ್ಯಾಸ ಬರೆದಿಡಿ.