ಬಡ್ತಿ ಸಿಕ್ಕ ಕೂಡಲೇ ಹದಿನಾಲ್ಕು ಹೊಸ ಆಟಗಾರರು: ಗಾಬರಿ ಬೇಕೆ?

ಫುಟ್‌ಬಾಲ್ ಪ್ರಶ್ನೋತ್ತರ

ಪ್ರಶ್ನೆ: ನಾನು ಮೆಚ್ಚುವ ಇಂಗ್ಲೆಂಡಿನ ಕ್ಲಬ್ ಈ ಸಲ ಅಲ್ಲಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಆ ಖುಷಿ ಆರುವ ಮೊದಲೇ ವಾರಕ್ಕಿಬ್ಬರಂತೆ ಹೊಸಬರು ಬರುತ್ತಿದ್ದಾರೆ, ಲೆಕ್ಕ 14ಕ್ಕೆ ಮುಟ್ಟಿದೆ. ಬೆವರು ಹರಿಸಿ ನಮ್ಮನ್ನು ಮೇಲೇರಿಸಿದ ಹುಡುಗರ ಗತಿ ಏನು? ಹೊಂದಾಣಿಕೆ ಕೆಟ್ಟು ಮತ್ತೆ ಕೆಳಕ್ಕೆ ಬೀಳುತ್ತೇವೇನೋ ಎಂಬ ಭಯ. ದುಡ್ಡು ಕೈಮೀರಿದರೆ ಏನಾಗುತ್ತದೆ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಎಷ್ಟು ಮಂದಿ ಬಂದರು ಎಂದು ಎಣಿಸುವ ಮೊದಲು ಎಷ್ಟು ಮಂದಿ ಹೋದರು ಎಂದು ಎಣಿಸಿ. ಕಳೆದ ಸೀಸನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಂದ್ಯ ಆಡಿದವರ ಹೆಸರು ಬರೆದುಕೊಂಡು, ಲೋನ್ (ಬೇರೆ ಕ್ಲಬ್ಬಿನಿಂದ ತಾತ್ಕಾಲಿಕ ಎರವಲು) ಮುಗಿದು ಮೂಲ ಕ್ಲಬ್ಬಿಗೆ ಮರಳಿದವರನ್ನೂ ಒಪ್ಪಂದ ಮುಗಿದವರನ್ನೂ ಮಾರಾಟವಾದವರನ್ನೂ ಹೊಡೆದುಹಾಕಿ. ಉಳಿದ ಖಾಲಿ ಜಾಗಗಳೇ ನಿಜವಾದ ಲೆಕ್ಕ. ಆರು ಜಾಗ ಖಾಲಿಯಾದ ತಂಡಕ್ಕೆ ಹತ್ತು ಮಂದಿ ಬಂದರೆ ಅದು ಅತಿಯಲ್ಲ. ಎರಡೇ ಜಾಗ ಖಾಲಿಯಿದ್ದು 14 ಮಂದಿ ಬಂದಿದ್ದರೆ ನಿಮ್ಮ ಭಯಕ್ಕೆ ಕಾರಣವಿದೆ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಇದಕ್ಕೆ ತಕ್ಕ ಉದಾಹರಣೆ. 23 ವರ್ಷ ಕಾದು 2022ರ ಮೇ ತಿಂಗಳಲ್ಲಿ ಬಡ್ತಿಯ ಕೊನೆಯ ಜಾಗ ನಿರ್ಧರಿಸುವ ಪ್ಲೇ–ಆಫ್ ಫೈನಲ್‌ನಲ್ಲಿ ಹಡರ್ಸ್‌ಫೀಲ್ಡ್ ತಂಡವನ್ನು 1–0ರಿಂದ ಸೋಲಿಸಿ ಮೇಲೆ ಬಂದ ಕ್ಲಬ್ ಅದು. ಆ ಬೇಸಿಗೆಯಲ್ಲಿ 20ಕ್ಕೂ ಹೆಚ್ಚು ಆಟಗಾರರನ್ನು ತಂದಾಗ ಎಲ್ಲರೂ ತಲೆ ಕೆಟ್ಟಿದೆ ಅಂದರು. ಆದರೆ ಬಡ್ತಿ ತಂದುಕೊಟ್ಟ ತಂಡದಲ್ಲಿ ಸ್ಪೆನ್ಸ್, ಗಾರ್ನರ್, ಡೇವಿಸ್, ಜಿಂಕರ್ನಾಗೆಲ್, ಲೋ ಎಂಬ ಐವರು ಲೋನ್ ಮೇಲೆ ಬಂದವರು, ಸೀಸನ್ ಮುಗಿದೊಡನೆ ಹಿಂತಿರುಗಿದರು. ಗೋಲ್‌ಕೀಪರ್ ಸಂಬಾ ಫ್ರಾನ್ಸಿಗೆ ಹೋದರು. ಬುಟ್ಟಿಯೇ ಖಾಲಿಯಾಗಿತ್ತು, ತುಂಬಿಸದೆ ಬೇರೆ ದಾರಿ ಇರಲಿಲ್ಲ.

ಹಾಗೆಂದು ನೀವು ಹೇಳುವ ಹೊಂದಾಣಿಕೆಯ ತೊಂದರೆ ಸುಳ್ಳಲ್ಲ. ಆ ಸೀಸನ್‌ನಲ್ಲಿ ಬೋರ್ನ್‌ಮತ್ ವಿರುದ್ಧ ಅರ್ಧ ಸಮಯಕ್ಕೆ 2–0 ಮುಂದಿದ್ದ ಫಾರೆಸ್ಟ್ 2–3ರಿಂದ ಸೋತಿತು. ಅದರ ಮುಂದಿನ ಪಂದ್ಯದಲ್ಲಿ ಫುಲ್‌ಹ್ಯಾಮ್ ವಿರುದ್ಧ ಮೊದಲು ಗೋಲು ಹೊಡೆದೂ ಆರು ನಿಮಿಷದಲ್ಲಿ ಮೂರು ಗೋಲು ಬಿಟ್ಟುಕೊಟ್ಟಿತು. ಇದು ಕಾಲ್ಚಳಕದ ಕೊರತೆಯಲ್ಲ, ಪರಿಚಯದ ಕೊರತೆ. ಕಾರ್ನರ್ ಬಂದಾಗ ಮೊದಲ ಪೋಸ್ಟ್ ಯಾರದು, ತಡೆದಾಗ ಚಿಮ್ಮಿ ಬರುವ ಎರಡನೇ ಚೆಂಡಿಗೆ ಯಾರು ಓಡಬೇಕು, ಫುಲ್‌ಬ್ಯಾಕ್ ಮುಂದೆ ಹೋದರೆ ಆ ಜಾಗ ಕಾಯುವವರು ಯಾರು ಎಂಬುದು ಕೂಗಿ ಹೇಳದೆಯೇ ಗೊತ್ತಿರಬೇಕು. ಮುಂಚೂಣಿಯವರು ಒಬ್ಬರನ್ನೊಬ್ಬರು ಅರಿಯದಿದ್ದರೆ ಒಂದು ಅವಕಾಶ ಕೈತಪ್ಪುತ್ತದೆ, ಹಿಂದಿನ ನಾಲ್ವರು ಅರಿಯದಿದ್ದರೆ ಗೋಲೇ ಆಗುತ್ತದೆ. ಆದ್ದರಿಂದ ಮೊದಲ ಆರು ಪಂದ್ಯಗಳಲ್ಲಿ ಗೋಲ್‌ಕೀಪರ್ ಮತ್ತು ನಾಲ್ವರು ಡಿಫೆಂಡರ್‌ಗಳ ಹೆಸರು ಬರೆದಿಡಿ. ನಾಲ್ಕು ಪಂದ್ಯದಲ್ಲಾದರೂ ಅದೇ ಐವರು ಇದ್ದರೆ ಫಲಿತಾಂಶ ಕೆಟ್ಟಿದ್ದರೂ ತಾಳ್ಮೆ ಇರಲಿ. ಗಾಯದ ಕಾರಣವಿಲ್ಲದೆ ಪ್ರತಿವಾರ ಬದಲಾಗುತ್ತಿದ್ದರೆ ಕೋಚ್‌ಗೇ ತನ್ನ ತಂಡ ಯಾವುದೆಂದು ತಿಳಿದಿಲ್ಲ.

ಫಾರೆಸ್ಟ್ ಅಕ್ಟೋಬರ್ ಆರಂಭದಲ್ಲಿ ಪಟ್ಟಿಯ ತಳದಲ್ಲಿತ್ತು. ಆಗ ಕ್ಲಬ್ ಕೋಚ್ ಸ್ಟೀವ್ ಕೂಪರ್ ಅವರನ್ನು ಕಿತ್ತುಹಾಕಲಿಲ್ಲ, ಹೊಸ ಒಪ್ಪಂದ ಕೊಟ್ಟಿತು. ಕೊನೆಗೆ 38 ಅಂಕ, 16ನೇ ಸ್ಥಾನ. ಆ 38ರಲ್ಲಿ 30 ಅಂಕ ತವರು ಮೈದಾನದಲ್ಲೇ ಬಂದವು, ಹೊರಗಡೆ ಗೆದ್ದದ್ದು ಒಂದೇ ಪಂದ್ಯ. ನಿಮ್ಮ ಕ್ಲಬ್ ತವರಿನ ಪಂದ್ಯಗಳಲ್ಲಿ ಹೇಗಿದೆ ಎಂಬುದರ ಮೇಲೆ ಕಣ್ಣಿಡಿ.

ಇದೇ ದಾರಿ ಹಿಡಿದು ಮುಳುಗಿದವರೂ ಇದ್ದಾರೆ. 2018–19ರಲ್ಲಿ ಫುಲ್‌ಹ್ಯಾಮ್ 10 ಕೋಟಿ ಪೌಂಡ್‌ಗೂ ಹೆಚ್ಚು ಸುರಿದು 12 ಮಂದಿಯನ್ನು ತಂದಿತು, ಅವರಲ್ಲಿ ಹಲವರು ಬಂದದ್ದು ವಿಂಡೋ (ಆಟಗಾರರನ್ನು ಕೊಳ್ಳಲು ಮಾರಲು ಇರುವ ಅವಧಿ) ಮುಚ್ಚುವ ದಿನ. ಪೂರ್ವಸಿದ್ಧತೆಯ ಶಿಬಿರ ಮುಗಿದ ಮೇಲೆ ಬಂದವನಿಗೆ ಲೀಗ್ ಪಂದ್ಯವೇ ಅಭ್ಯಾಸದ ಕಣವಾಗುತ್ತದೆ. ಒಂದೇ ಸೀಸನ್‌ನಲ್ಲಿ ಮೂವರು ಕೋಚ್‌ಗಳನ್ನು ಕಂಡ ತಂಡ 81 ಗೋಲು ಬಿಟ್ಟುಕೊಟ್ಟು 26 ಅಂಕಕ್ಕೆ ನಿಂತು ಕೆಳಗಿಳಿಯಿತು. ಮರುವರ್ಷ ಅಷ್ಟೇ ಮಂದಿಯನ್ನು ತಂದ ಆಸ್ಟನ್ ವಿಲ್ಲಾ 35 ಅಂಕ ಗಳಿಸಿ ಒಂದೇ ಅಂಕದ ಅಂತರದಲ್ಲಿ ಉಳಿದುಕೊಂಡಿತು. ಅದೇ ಸೀಸನ್‌ನಲ್ಲಿ ಹೆಚ್ಚೇನೂ ಖರ್ಚು ಮಾಡದೆ ಹಳೆಯ ತಂಡವನ್ನೇ ನಂಬಿದ ನಾರ್ವಿಚ್ 21 ಅಂಕದೊಂದಿಗೆ ತಳ ಸೇರಿತು. ಕೊಳ್ಳದೆ ಕೂತವರಿಗೂ ರಕ್ಷೆ ಇಲ್ಲ. 2023–24ರಲ್ಲೂ 2024–25ರಲ್ಲೂ ಹೊಸದಾಗಿ ಬಡ್ತಿ ಪಡೆದು ಬಂದಿದ್ದ ಮೂರೂ ಕ್ಲಬ್‌ಗಳು ಆ ಸೀಸನ್ ಮುಗಿಯುತ್ತಲೇ ಹಿಂಬಡ್ತಿ ಕಂಡವು. ಎರಡು ದರ್ಜೆಗಳ ನಡುವಿನ ಕಂದಕ ಅಷ್ಟು ದೊಡ್ಡದು.

ಮೇಲೇರಿಸಿದ ಹುಡುಗರ ಬಗ್ಗೆ ನಿಮಗಿರುವ ಕಳಕಳಿ ನ್ಯಾಯವಾದದ್ದು. ಅವರಲ್ಲಿ ಮೂರ್ನಾಲ್ವರಾದರೂ ಮೊದಲ ಹನ್ನೊಂದರಲ್ಲಿ ಉಳಿಯಬೇಕು. ಕೋಚ್ ಏನು ಬಯಸುತ್ತಾರೆಂದು ಹೊಸಬರಿಗೆ ಮೈದಾನದೊಳಗೆ ಕಲಿಸುವವರು ಅವರೇ.

ಇನ್ನು ದುಡ್ಡು. ಆಟಗಾರನ ಬೆಲೆಯನ್ನು ಲೆಕ್ಕಪತ್ರದಲ್ಲಿ ಒಂದೇ ಸಲ ಖರ್ಚೆಂದು ಬರೆಯುವುದಿಲ್ಲ, ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ. 2.5 ಕೋಟಿ ಪೌಂಡ್‌ಗೆ ಐದು ವರ್ಷದ ಒಪ್ಪಂದವೆಂದರೆ ವರ್ಷಕ್ಕೆ 50 ಲಕ್ಷ. ಎರಡು ವರ್ಷದ ನಂತರ ಪುಸ್ತಕದಲ್ಲಿ ಅವನ ಬೆಲೆ 1.5 ಕೋಟಿ, ಅದಕ್ಕಿಂತ ಹೆಚ್ಚಿಗೆ ಮಾರಿದರೆ ಲಾಭ, ಕಡಿಮೆಗೆ ಹೋದರೆ ನಷ್ಟ. ಹಾಗಾಗಿ 22ರ ಹುಡುಗನಿಗೆ ಕೊಟ್ಟ ದುಡ್ಡು ಮಾರಾಟದಲ್ಲಿ ಮರಳಬಹುದು. 31ರವನಿಗೆ ನಾಲ್ಕು ವರ್ಷದ ಒಪ್ಪಂದ ಕೊಟ್ಟರೆ ಸಂಬಳದ ಹೊರೆ ಕ್ಲಬ್ಬಿನ ಬೆನ್ನಿಗೇ ಉಳಿಯುತ್ತದೆ. ಅನುಭವಿ ಬೇಡವೆಂದಲ್ಲ. 2025ರಲ್ಲಿ ಬಡ್ತಿ ಪಡೆದ ಸಂಡರ್‌ಲ್ಯಾಂಡ್ 32ರ ಮಿಡ್‌ಫೀಲ್ಡರ್ ಗ್ರಾನಿಟ್ ಜಾಕಾ ಅವರನ್ನು ತಂದು ನಾಯಕನನ್ನಾಗಿ ಮಾಡಿತು. ಅಂಥವರು ಒಬ್ಬಿಬ್ಬರು ಸಾಕು.

ಫಾರೆಸ್ಟ್‌ಗೆ ಬಿಸಿ ತಟ್ಟಿದ್ದು ಎರಡನೇ ವರ್ಷ. ಆಗಿನ ನಿಯಮದಲ್ಲಿ ಪ್ರೀಮಿಯರ್ ಲೀಗ್‌ನ ಕ್ಲಬ್ ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್ ನಷ್ಟ ತೋರಿಸಬಹುದಿತ್ತು. ಅದರ ಕೆಳಗಿನ ದರ್ಜೆಯಾದ ಚಾಂಪಿಯನ್‌ಷಿಪ್‌ನಲ್ಲಿ ಕಳೆದ ಪ್ರತಿ ವರ್ಷಕ್ಕೆ 3.5 ಕೋಟಿಯ ಬದಲು 1.3 ಕೋಟಿ ಮಾತ್ರ. ಲೆಕ್ಕಕ್ಕೆ ಬಂದ ಮೂರು ವರ್ಷಗಳಲ್ಲಿ ಎರಡು ವರ್ಷ ಕೆಳಗಿದ್ದ ಫಾರೆಸ್ಟ್‌ನ ಮಿತಿ 6.1 ಕೋಟಿಗೆ ಇಳಿಯಿತು, ಕ್ಲಬ್ ಅದನ್ನು 3.45 ಕೋಟಿ ಮೀರಿತು. ತಾನೇ ಬೆಳೆಸಿದ ಬ್ರೆನನ್ ಜಾನ್ಸನ್ ಅವರನ್ನು ದೊಡ್ಡ ಮೊತ್ತಕ್ಕೆ ಮಾರಿದರೂ ಅದು ಜೂನ್ 30ರ ಲೆಕ್ಕದ ಗಡುವು ದಾಟಿ ಸೆಪ್ಟೆಂಬರ್ 1ಕ್ಕೆ ಆಯಿತು. 2024ರ ಮಾರ್ಚ್‌ನಲ್ಲಿ 4 ಅಂಕ ಕಡಿತ. ತಂಡ 32 ಅಂಕದೊಂದಿಗೆ ಹೇಗೋ 17ನೇ ಸ್ಥಾನದಲ್ಲಿ ಬಚಾವಾಯಿತು. ಹೊಸಬರ ಒಪ್ಪಂದದಲ್ಲಿ ಹಿಂಬಡ್ತಿಯಾದರೆ ಸಂಬಳ ಇಳಿಯುವ ಷರತ್ತು ಇದೆಯೆಂದು ಸುದ್ದಿ ಬಂದರೆ ಅದು ಒಳ್ಳೆಯ ಸೂಚನೆ. ಕೆಳಗಿಳಿದ ಕ್ಲಬ್‌ಗೆ ಲೀಗ್ ಕೊಡುವ ನೆರವಿನ ಹಣ ಮೂರು ವರ್ಷ ಸಿಗುತ್ತದೆ, ಒಂದೇ ಸೀಸನ್ ಆಡಿ ಇಳಿದವರಿಗೆ ಎರಡೇ ವರ್ಷ.

ಬಳ್ಳಾರಿಯವರಾದ ನಿಮಗೆ ಇನ್ನೊಂದು ಮಾತು. ನಿಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯೂ 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದಾಗ ಇಡೀ ತಂಡವೇ ಹೊಸದು, ಹಳಬರೆಂದು ಹೇಳಲು ಒಬ್ಬರೂ ಇರಲಿಲ್ಲ. ಕೋಚ್ ಆಶ್ಲೆ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಆ ತಂಡ ಮೊದಲ ಸೀಸನ್‌ನಲ್ಲೇ ಆಗಿನ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್ ಗೆದ್ದಿತು.

ಪ್ರಶ್ನೆ: ತಂಡದ ಪಟ್ಟಿಗೆ 25 ಮಂದಿ ಮಾತ್ರ ಎನ್ನುತ್ತಾರೆ. 30 ಮಂದಿ ಇದ್ದರೆ ಉಳಿದವರು?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಪ್ರೀಮಿಯರ್ ಲೀಗ್‌ನ 25ರ ಪಟ್ಟಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೊರಗೆ ತರಬೇತಾದವರು 17ಕ್ಕಿಂತ ಹೆಚ್ಚು ಇರುವಂತಿಲ್ಲ. ಉಳಿದ 8 ಜಾಗ 21 ತುಂಬುವ ಮೊದಲು ಇಂಗ್ಲೆಂಡ್ ಅಥವಾ ವೇಲ್ಸ್ ಕ್ಲಬ್ಬಿನಲ್ಲಿ ಮೂರು ಸೀಸನ್ ನೋಂದಣಿಯಾಗಿದ್ದವರಿಗೆ. ಅಂಥವರು ಐವರೇ ಇದ್ದರೆ ಪಟ್ಟಿ 22ಕ್ಕೇ ನಿಲ್ಲುತ್ತದೆ. ಇಲ್ಲಿ ರಾಷ್ಟ್ರೀಯತೆಯ ಮಾತಿಲ್ಲ, ತರಬೇತಿ ಎಲ್ಲಾಯಿತು ಎಂಬುದಷ್ಟೇ. 21ರೊಳಗಿನ ಹುಡುಗರನ್ನು ಪಟ್ಟಿಗೆ ಸೇರಿಸದೆಯೇ ಎಷ್ಟು ಬೇಕಾದರೂ ಆಡಿಸಬಹುದು. ಪಟ್ಟಿಯ ಹೊರಗುಳಿದವರಿಗೆ ಸಂಬಳ ಬರುತ್ತದೆ, ಆದರೆ ಜನವರಿಯ ವಿಂಡೋವರೆಗೆ ಲೀಗ್ ಆಡುವಂತಿಲ್ಲ. ಲೀಗ್‌ನ ಇತರ ಕ್ಲಬ್‌ಗಳಿಂದ ಲೋನ್ ಮೇಲೆ ಒಂದು ಸಮಯಕ್ಕೆ ಇಬ್ಬರನ್ನು ಮಾತ್ರ ಇಟ್ಟುಕೊಳ್ಳಬಹುದು.

ಪ್ರಶ್ನೆ: ನಮ್ಮ ಕ್ಲಬ್ ಮುಂದಿನ ಸಲ ಮೇಲಿನ ಗುಂಪಿನಲ್ಲಿ ಆಡಲಿದೆ. ದಾನಿಗಳೊಬ್ಬರು ಹೊರಗಿನ ಎಂಟು ಆಟಗಾರರನ್ನು ಕರೆಸಲು ಸಿದ್ಧರಿದ್ದಾರೆ. ಒಪ್ಪಬಹುದೇ?
– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಎಂಟು ಬೇಡ, ನಾಲ್ಕು ಸಾಕು: ಗೋಲ್‌ಕೀಪರ್, ಒಬ್ಬ ಸೆಂಟರ್ ಬ್ಯಾಕ್, ಒಬ್ಬ ಮಿಡ್‌ಫೀಲ್ಡರ್, ಒಬ್ಬ ಸ್ಟ್ರೈಕರ್. ನಡುಬೆನ್ನು ಗಟ್ಟಿಯಾದರೆ ಅಕ್ಕಪಕ್ಕ ನಿಮ್ಮ ಹುಡುಗರೇ ನಿಭಾಯಿಸುತ್ತಾರೆ. ನಾಟಿ ಮಾಡಿದ ಭತ್ತಕ್ಕೂ ಬೇರು ಹಿಡಿಯಲು ವಾರ ಹತ್ತು ದಿನ ಬೇಕೆಂದು ಗಂಗಾವತಿಯವರಿಗೆ ಹೇಳಬೇಕಿಲ್ಲ. ಪಂದ್ಯದ ಹಿಂದಿನ ದಿನ ಬಸ್ಸಿನಿಂದಿಳಿದವನನ್ನು ಆಡಿಸಬೇಡಿ, ನಾಲ್ಕು ವಾರ ಮೊದಲೇ ಕರೆಸಿ.

ಕರೆಸುವ ಮುನ್ನ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಆನ್‌ಲೈನ್ ನೋಂದಣಿಯಲ್ಲಿ ಆತ ಯಾವ ಕ್ಲಬ್ಬಿನ ಹೆಸರಿನಲ್ಲಿದ್ದಾನೆ ನೋಡಿ. ಫಿಫಾ ನಿಯಮದಂತೆ ಸಾಮಾನ್ಯವಾಗಿ ಒಬ್ಬ ಆಟಗಾರ ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಾಯಿಸಿಕೊಳ್ಳಬಹುದು, ಆದರೆ ಅಧಿಕೃತ ಪಂದ್ಯ ಆಡುವುದು ಎರಡರ ಪರವಾಗಿ ಮಾತ್ರ. ಈಗಾಗಲೇ ಎರಡು ಕ್ಲಬ್‌ಗೆ ಆಡಿದವನನ್ನು ಕಣಕ್ಕಿಳಿಸಿದರೆ ಎದುರಾಳಿ ದೂರು ಕೊಟ್ಟು ಗೆದ್ದ ಪಂದ್ಯವನ್ನೂ ಕಸಿದುಕೊಳ್ಳಬಹುದು.

ದಿನಾ 20 ನಿಮಿಷ ಗೋಲ್‌ಕೀಪರ್ ಮತ್ತು ನಾಲ್ವರು ಡಿಫೆಂಡರ್‌ಗಳಿಗಷ್ಟೇ ಮೀಸಲಿಡಿ. ನಾಲ್ವರ ಸೊಂಟಕ್ಕೂ ಒಂದೇ ಹಗ್ಗವನ್ನು ಎಂಟು ಹತ್ತು ಮೀಟರ್ ಅಂತರದಲ್ಲಿ ಸಡಿಲವಾಗಿ ಕಟ್ಟಿ, ಚೆಂಡು ಹೋದ ಕಡೆಗೆಲ್ಲ ಒಟ್ಟಿಗೆ ನಡೆಸಿ. ನಡಿಗೆಯಷ್ಟೇ, ಓಡಿಸಿದರೆ ಎಡವಿ ಬೀಳುತ್ತಾರೆ. ಹಗ್ಗ ಬಿಗಿಯಾದರೆ ಇಬ್ಬರ ನಡುವೆ ಕಂಡಿ ಬಿದ್ದಿದೆ, ನೆಲಕ್ಕೆ ಜೋತುಬಿದ್ದರೆ ಒಬ್ಬರ ಮೇಲೊಬ್ಬರು ಬರುತ್ತಿದ್ದಾರೆ. ವಾರದ ನಂತರ ಹಗ್ಗ ಬಿಚ್ಚಿ ಓಡಿಸಿ ನೋಡಿ. ದಾನಿಗಳ ಉಳಿದ ದುಡ್ಡನ್ನು ಚೆಂಡು, ಬೂಟು, ಒಬ್ಬ ಫಿಸಿಯೋಗೆ ಬಳಸಲು ಕೇಳಿಕೊಳ್ಳಿ.